ಬಿಲ್ ರಸೆಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದಲ್ಲಿ ಮಕ್ಕಳಿಗೆ ಬಾಸ್ಕೆಟ್‌ಬಾಲ್ ಕಲಿಸುವಾಗ ನಾನು ಬಿಲ್ ರಸೆಲ್ ಹೆಸರನ್ನು ಜಾಸ್ತಿ ತೆಗೆಯುತ್ತೇನೆ. ಹೆಸರು ಬಂದ ಕೂಡಲೇ ಪ್ರಶ್ನೆಗಳು ಶುರುವಾಗುತ್ತವೆ. ಮಕ್ಕಳು ಕೇಳುತ್ತಾರೆ, ಅವರನ್ನು ಮನೆಗೆ ಕರೆದೊಯ್ಯಲು ಬಂದ ಅಪ್ಪ ಅಮ್ಮ ಕೇಳುತ್ತಾರೆ. ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಪಿ.ಇ. ಮಾಸ್ತರರು ಫೋನ್ ಮಾಡಿ ಕೇಳುತ್ತಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಆಟ ಗೊತ್ತಿರುವವರು ಕೇಳುವಂಥವು.

ಮೊದಲ ಪರಿಚಯ

ಯಾರ್ರೀ ಸರ ಇವರು? ನಾವು ಹೆಸರೇ ಕೇಳಿಲ್ಲ.

ಪೂರ್ತಿ ಹೆಸರು ವಿಲಿಯಂ ಫೆಲ್ಟನ್ ರಸೆಲ್. 1934ರ ಫೆಬ್ರವರಿ 12ರಂದು ಅಮೆರಿಕದ ಲೂಸಿಯಾನಾ ರಾಜ್ಯದ ವೆಸ್ಟ್ ಮನ್ರೋ ಎಂಬ ಊರಿನಲ್ಲಿ ಹುಟ್ಟಿದವರು. ಎನ್‌ಬಿಎಯಲ್ಲಿ, ಅಂದರೆ ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್‌ನಲ್ಲಿ, ಬಾಸ್ಟನ್ ಸೆಲ್ಟಿಕ್ಸ್ ತಂಡಕ್ಕೆ 1956ರಿಂದ 1969ರವರೆಗೆ 13 ಸೀಸನ್ ಆಡಿದರು. ಆ 13ರಲ್ಲಿ 11 ಸಲ ಅವರ ತಂಡವೇ ಚಾಂಪಿಯನ್. ಎನ್‌ಬಿಎ ಇತಿಹಾಸದಲ್ಲಿ ಬೇರೆ ಯಾವ ಆಟಗಾರನೂ 11 ಸಲ ಗೆದ್ದಿಲ್ಲ. ಅವರ ಹತ್ತಿರಕ್ಕೆ ಬಂದವರು ಒಬ್ಬರೇ, ಅದೇ ತಂಡದ ಸ್ಯಾಮ್ ಜೋನ್ಸ್, 10 ಸಲ. ರಸೆಲ್ ಐದು ಬಾರಿ ಎಂವಿಪಿ, ಅಂದರೆ ಆ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದರು. ಆಯ್ದ ಉತ್ತಮ ಆಟಗಾರರ ಆಲ್‌ಸ್ಟಾರ್ ತಂಡದಲ್ಲಿ 12 ಸಲ ಇದ್ದರು. 2022ರ ಜುಲೈ 31ರಂದು, 88ನೇ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ಕಡೆಯ ಮಕ್ಕಳು ಇವರ ಹೆಸರು ಕೇಳದೇ ಇರಲು ಕಾರಣ ಸರಳ. ಫೋನಿನಲ್ಲಿ ಓಡಾಡುವ ಚಿಕ್ಕ ಚಿಕ್ಕ ವಿಡಿಯೋಗಳೆಲ್ಲ ಬಾಸ್ಕೆಟ್ ಹಾಕುವವರದು. ರಸೆಲ್ ಬಾಸ್ಕೆಟ್ ತಡೆಯುವವರು. ಅದೂ ಕಪ್ಪು ಬಿಳುಪಿನ ಕಾಲದಲ್ಲಿ.

ಎಷ್ಟು ಎತ್ತರ ಇದ್ರು ಸರ?

6 ಅಡಿ 10 ಇಂಚು, ಸುಮಾರು 208 ಸೆಂಟಿಮೀಟರ್. ತೆಳ್ಳಗಿನ ಮೈ, ಉದ್ದನೆಯ ಕೈ, ಎಡಗೈ ಆಟಗಾರ. ಕಾಲೇಜಿನಲ್ಲಿ ಹೈಜಂಪ್ ಕೂಡ ಮಾಡುತ್ತಿದ್ದರು, 6 ಅಡಿ 9 ಇಂಚಿಗೂ ಮೇಲೆ ಹಾರಿದವರು. ಅವರ ಎದುರಾಳಿ ವಿಲ್ಟ್ ಚೇಂಬರ್ಲಿನ್ 7 ಅಡಿ 1 ಇಂಚು ಇದ್ದರು, ತೂಕವೂ ಜಾಸ್ತಿ. ಹಾಗಾಗಿ ದೊಡ್ಡ ದೇಹದಿಂದಲೇ ರಸೆಲ್ ಗೆದ್ದರು ಅನ್ನುವ ಮಾತು ನಿಲ್ಲುವುದಿಲ್ಲ.

ಸಣ್ಣವರಿದ್ದಾಗಿಂದ ಚಲೋ ಆಡ್ತಿದ್ರೇನ್ರಿ?

ಇಲ್ಲ. ಈ ಉತ್ತರ ಕೊಡುವಾಗ ನಾನು ಬೆಂಚಿನ ಮೇಲೆ ಕೂತ ಮಕ್ಕಳ ಮುಖ ನೋಡುತ್ತೇನೆ.

ರಸೆಲ್ ಕಲಿತದ್ದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಊರಿನ ಮೆಕ್ಲೈಮಂಡ್ಸ್ ಹೈಸ್ಕೂಲಿನಲ್ಲಿ. ಅಲ್ಲಿ ಅವರನ್ನು ತಂಡದಿಂದ ಕೈಬಿಡುವ ಹಂತಕ್ಕೆ ಬಂದಿತ್ತು. ಓಟ ಇತ್ತು, ನೆಗೆತ ಇತ್ತು, ಆಟ ಬರುತ್ತಿರಲಿಲ್ಲ. ಕೋಚ್ ಜಾರ್ಜ್ ಪೌಲ್ಸ್ ಮಾತ್ರ ಹುಡುಗನನ್ನು ಬಿಡಲಿಲ್ಲ. ಕಿರಿಯರ ತಂಡಕ್ಕೆ ಇದ್ದದ್ದು 15 ಜರ್ಸಿ, ರಸೆಲ್ 16ನೇ ಹುಡುಗ. ಇನ್ನೊಬ್ಬನ ಜೊತೆ ಒಂದೇ ಜರ್ಸಿಯನ್ನು ಹಂಚಿಕೊಂಡರು. ಇವತ್ತು ಇವನು ತೊಟ್ಟರೆ ನಾಳೆ ಅವನು. ಮುಂದೆ 11 ಸಲ ಚಾಂಪಿಯನ್ ಆದ ಮನುಷ್ಯ ತನ್ನದೇ ಆದ ಒಂದು ಜರ್ಸಿ ಇಲ್ಲದೆ ಶುರು ಮಾಡಿದ್ದು.

ಹೈಸ್ಕೂಲು ಮುಗಿದ ಮೇಲೆ 1952ರಲ್ಲಿ ಒಂದು ಹುಡುಗರ ತಂಡದ ಜೊತೆ ಊರೂರು ಸುತ್ತಿ ಆಡಿದರು. ಬಸ್ಸಿನಲ್ಲಿ ಕೂತು, ಬೇರೆಯವರು ಮಾಡಿದ ಒಂದೊಂದು ಮೂವ್ ಅನ್ನು ಕಣ್ಣು ಮುಚ್ಚಿ ಮನಸ್ಸಿನಲ್ಲಿ ಓಡಿಸಿ ನೋಡುತ್ತಿದ್ದರು. ಕಾಲು ಎಲ್ಲಿ ಬಿತ್ತು, ಭುಜ ಯಾವ ಕಡೆ ತಿರುಗಿತು, ಚೆಂಡು ಯಾವಾಗ ಕೈಬಿಟ್ಟಿತು. ಆಮೇಲೆ ಆ ಮೂವ್ ಮಾಡುವವನ ಎದುರು ತಾನು ನಿಂತರೆ ಏನು ಮಾಡಬೇಕು ಎಂದು ಯೋಚಿಸುತ್ತಿದ್ದರು. ಅವರ ಡಿಫೆನ್ಸ್ ಹುಟ್ಟಿದ್ದು ಆ ಬಸ್ಸಿನಲ್ಲಿ ಅಂತ ನನಗೆ ಅನಿಸುತ್ತದೆ.

ಮನಿ ಕಡೆ ಪರಿಸ್ಥಿತಿ ಹೆಂಗಿತ್ತು?

ಕಷ್ಟ ಇತ್ತು. ಲೂಸಿಯಾನಾದಲ್ಲಿ ಕಪ್ಪು ಜನರಿಗೆ ಬೇರೆ ಕಾನೂನು, ಬೇರೆ ಬಾಗಿಲು ಇದ್ದ ಕಾಲ. ಒಮ್ಮೆ ಪೆಟ್ರೋಲ್ ಬಂಕಿನಲ್ಲಿ ಬಿಳಿಯರಿಗೆಲ್ಲ ಹಾಕಿ ಮುಗಿಯುವವರೆಗೆ ರಸೆಲ್ ಅವರ ತಂದೆಯನ್ನು ಕಾಯಿಸಿದರು. ಬೇಡ ಅಂತ ಹೊರಟರೆ ಬಂಕಿನವನು ಬಂದೂಕು ಹಿಡಿದು ನಿಲ್ಲಿಸಿದ. ತಾಯಿ ಚೆಂದದ ಉಡುಪು ತೊಟ್ಟು ಹೊರಗೆ ಹೋದಾಗ, ಬಿಳಿಯ ಹೆಂಗಸಿನ ಹಾಗೆ ಉಟ್ಟಿದ್ದೀಯ, ಮನೆಗೆ ಹೋಗಿ ತೆಗೆ ಅಂತ ಪೊಲೀಸನೊಬ್ಬ ಬೈದು ಕಳಿಸಿದ. ಬಿಲ್ ಎಂಟು ವರ್ಷದವರಿದ್ದಾಗ ಮನೆಯವರೆಲ್ಲ ಓಕ್‌ಲ್ಯಾಂಡಿಗೆ ಬಂದರು. 12 ವರ್ಷಕ್ಕೆ ತಾಯಿ ಕೇಟಿ ತೀರಿಕೊಂಡರು. ತಂದೆ ಚಾರ್ಲಿ ಲಾರಿ ಓಡಿಸುವ ಕೆಲಸ ಬಿಟ್ಟರು. ಮಕ್ಕಳಿಗೆ ಹತ್ತಿರ ಇರಬೇಕು ಅಂತ ಉಕ್ಕಿನ ಕೆಲಸಕ್ಕೆ ಸೇರಿ ಅವರನ್ನು ಬೆಳೆಸಿದರು.

ಕಾಲೇಜಿನ್ಯಾಗ ಏನ್ ಮಾಡಿದ್ರು?

ಸ್ಕಾಲರ್‌ಶಿಪ್ ಕೊಟ್ಟು ಕರೆದದ್ದು ಒಂದೇ ಕಾಲೇಜು, ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯ. ಅಲ್ಲಿ ಕೆ.ಸಿ. ಜೋನ್ಸ್ ಎಂಬ ಗೆಳೆಯ ಸಿಕ್ಕರು. ಇಬ್ಬರೂ ಕೂತು ಚೆಂಡಿನ ಕೋನ, ಪುಟಿತ, ಎದುರಾಳಿಯ ಅಭ್ಯಾಸ ಇವನ್ನೇ ಗಂಟೆಗಟ್ಟಲೆ ಚರ್ಚಿಸುತ್ತಿದ್ದರು. 1955 ಮತ್ತು 1956ರಲ್ಲಿ ಆ ಕಾಲೇಜು ಎನ್‌ಸಿಎಎ, ಅಂದರೆ ಅಮೆರಿಕದ ಕಾಲೇಜುಗಳ ನಡುವಿನ ಟೂರ್ನಿಯ ಚಾಂಪಿಯನ್. ನಡುವೆ ಸತತ 55 ಪಂದ್ಯ ಗೆದ್ದರು. 1956ರ ಸೀಸನ್ ಮುಗಿದಾಗ 29 ಗೆಲುವು, ಸೋಲು ಸೊನ್ನೆ.

ರಿಂಗಿನ ಮುಂದಿನ ಚೌಕ, ನಾವು ಮಕ್ಕಳಿಗೆ "ಮೂರು ಸೆಕೆಂಡಿಗಿಂತ ಜಾಸ್ತಿ ಒಳಗೆ ನಿಲ್ಲಬೇಡ" ಅಂತ ಕೂಗುತ್ತೇವಲ್ಲ, ಆ ಜಾಗ ಅಮೆರಿಕದ ಕಾಲೇಜು ಆಟದಲ್ಲಿ ಆಗ 6 ಅಡಿ ಅಗಲ ಇತ್ತು. ಅದನ್ನು 12 ಅಡಿಗೆ ಹಿಗ್ಗಿಸಿದರು. ಮುಖ್ಯ ಕಾರಣ ರಸೆಲ್. ಒಬ್ಬ ಹುಡುಗನನ್ನು ರಿಂಗಿನಿಂದ ದೂರ ಇಡಲು ಅಂಗಳದ ಗೆರೆಯನ್ನೇ ಬದಲಿಸಬೇಕಾಯಿತು.

ಒಲಿಂಪಿಕ್ಸ್ ಆಡಿದಾರೇನು?

ಹೌದು, 1956ರ ಮೆಲ್ಬರ್ನ್ ಒಲಿಂಪಿಕ್ಸ್. ಫೈನಲ್‌ನಲ್ಲಿ ಅಮೆರಿಕ 89, ಸೋವಿಯತ್ ಒಕ್ಕೂಟ 55. ಆ ಒಲಿಂಪಿಕ್ಸ್ ನಡೆದದ್ದು ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ. ಹಾಗಾಗಿ ಸೆಲ್ಟಿಕ್ಸ್‌ಗೆ ತಡವಾಗಿ ಬಂದರು, ಮೊದಲ ಪಂದ್ಯ ಆಡಿದ್ದು ಡಿಸೆಂಬರ್ 22ಕ್ಕೆ. ಹದಿಮೂರು ತಿಂಗಳ ಒಳಗೆ ಕಾಲೇಜು ಚಾಂಪಿಯನ್, ಒಲಿಂಪಿಕ್ ಚಿನ್ನ, ಮುಂದಿನ ಏಪ್ರಿಲ್‌ನಲ್ಲಿ ಎನ್‌ಬಿಎ ಟ್ರೋಫಿ ಕೂಡ ಬಂತು.

ಸೆಲ್ಟಿಕ್ಸ್‌ಗೆ ಹೆಂಗ ಬಂದ್ರು? ಎಲ್ಲಾರಿಗಿಂತ ಮೊದಲು ಇವರನ್ನ ಯಾಕ್ ಆರಿಸ್ಲಿಲ್ಲ?

ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. 1956ರ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ರೋಚೆಸ್ಟರ್ ರಾಯಲ್ಸ್ ತಂಡದ್ದು. ಅವರು ಬೇರೆಯವರನ್ನು ಆರಿಸಿದರು. ಎರಡನೆಯ ಆಯ್ಕೆ ಸೇಂಟ್ ಲೂಯಿಸ್ ಹಾಕ್ಸ್. ಅವರು ರಸೆಲ್ ಹೆಸರು ತೆಗೆದರೂ ಅವರನ್ನು ಬಾಸ್ಟನ್‌ಗೆ ಬಿಟ್ಟುಕೊಟ್ಟು, ಬದಲಿಗೆ ಎಡ್ ಮೆಕಾಲಿ ಮತ್ತು ಕ್ಲಿಫ್ ಹೇಗನ್ ಇಬ್ಬರನ್ನು ಪಡೆದರು. ಈ ವ್ಯಾಪಾರದ ಹಿಂದೆ ಇದ್ದವರು ಸೆಲ್ಟಿಕ್ಸ್ ಕೋಚ್ ರೆಡ್ ಆವರ್‌ಬ್ಯಾಕ್. ಅವರ ತಂಡದಲ್ಲಿ ಬಾಸ್ಕೆಟ್ ಹಾಕುವವರು ಬೇಕಾದಷ್ಟು ಜನ ಇದ್ದರು. ಬೋರ್ಡಿನಿಂದ ಬಿದ್ದ ಚೆಂಡು ಹಿಡಿದುಕೊಡುವವರೇ ಇರಲಿಲ್ಲ. ಪಾಯಿಂಟಿನ ಚಿಂತೆ ಬಿಡು, ನಿನ್ನ ಕೆಲಸ ರಿಬೌಂಡ್ ಎಂದು ಅವರು ರಸೆಲ್‌ಗೆ ಮೊದಲೇ ಹೇಳಿದ್ದರು.

ಆಟದ ಬಗ್ಗೆ

ಮ್ಯಾಚಿಗೆ ಬರೇ 15 ಪಾಯಿಂಟ್ ಹೊಡೆಯೋರು ದೊಡ್ಡ ಆಟಗಾರ ಹೆಂಗ ಆಗ್ತಾರ ಸರ?

ಇದು ನನಗೆ ಬಹಳ ಇಷ್ಟದ ಪ್ರಶ್ನೆ. ಲೆಕ್ಕ ಸರಿ ಇದೆ, ಅವರ ಸರಾಸರಿ 15.1 ಪಾಯಿಂಟ್. ಫ್ರೀ ಥ್ರೋದಲ್ಲಿ, ಅಂದರೆ ಫೌಲ್ ಆದಾಗ ಸಿಗುವ ಅಡ್ಡಿಯಿಲ್ಲದ ಹೊಡೆತದಲ್ಲಿ, ನೂರಕ್ಕೆ 56 ಮಾತ್ರ ಬೀಳುತ್ತಿದ್ದವು. ನಮ್ಮ ಜಿಲ್ಲಾ ತಂಡದ ಹುಡುಗರೂ ಅದಕ್ಕಿಂತ ಚೆನ್ನಾಗಿ ಹಾಕಿಯಾರು. ಆದರೆ ರಿಬೌಂಡ್ ಸರಾಸರಿ ನೋಡಿ: ಪಂದ್ಯಕ್ಕೆ 22.5. ಜೀವಮಾನದ ಒಟ್ಟು 21,620. 1960ರಲ್ಲಿ ಸಿರಕ್ಯೂಸ್ ವಿರುದ್ಧ ಒಂದೇ ಪಂದ್ಯದಲ್ಲಿ 51.

ರಿಬೌಂಡ್ ಅಂದರೆ ಏನು? ಎದುರು ತಂಡ ಹೊಡೆದದ್ದು ತಪ್ಪಿತು, ಚೆಂಡು ನಿಮ್ಮ ಕೈಗೆ ಬಂತು. ಅವರಿಗೆ ಎರಡನೆಯ ಅವಕಾಶ ಹೋಯಿತು, ನಿಮಗೆ ಒಂದು ಅವಕಾಶ ಹುಟ್ಟಿತು. ರಸೆಲ್ ಚೆಂಡು ಹಿಡಿದು ಕೆಳಗೆ ಇಳಿಯುತ್ತಿದ್ದ ಹಾಗೇ ಜೊತೆ ಆಟಗಾರ ಬಾಬ್ ಕೂಸಿಗೆ ಪಾಸ್ ಹೋಗುತ್ತಿತ್ತು. ಕೂಸಿ ಮುಂದಕ್ಕೆ ಓಡುವವರಿಗೆ ಕೊಡುತ್ತಿದ್ದರು. ಎದುರಾಳಿ ತಿರುಗಿ ಬರುವಷ್ಟರಲ್ಲಿ ರಿಂಗಿನ ಹತ್ತಿರದಿಂದ ಹಾಕಿದ ಲೇಅಪ್ ಬಿದ್ದಿರುತ್ತಿತ್ತು. ಸ್ಕೋರ್ ಶೀಟಿನಲ್ಲಿ ಆ ಎರಡು ಪಾಯಿಂಟ್ ಬೇರೆಯವರ ಹೆಸರಿನಲ್ಲಿ. ಹುಟ್ಟಿದ್ದು ಮಾತ್ರ ರಸೆಲ್ ಕೈಯಲ್ಲಿ.

ನಮ್ಮಲ್ಲಿ ಮ್ಯಾಚು ಮುಗಿಸಿ ಬಂದ ಮಗುವಿಗೆ ಮನೆಯವರು ಕೇಳುವುದು ಒಂದೇ, "ಎಷ್ಟ್ ಹೊಡದಿ?" ಎಷ್ಟು ಹಿಡಿದೆ, ಎಷ್ಟು ತಡೆದೆ, ಎಷ್ಟು ಜನರಿಗೆ ಚೆಂಡು ಕೊಟ್ಟೆ ಅಂತ ಕೇಳುವವರು ಕಡಿಮೆ. ಅದಕ್ಕೇ ನಾನು ರಸೆಲ್ ಕಥೆ ಬಿಡುವುದಿಲ್ಲ.

ಬ್ಲಾಕ್ ಎಲ್ಲಾರೂ ಮಾಡ್ತಾರ. ಇವರದ್ರಾಗ ಏನ್ ವಿಶೇಷ?

ಇವತ್ತಿನ ಹುಡುಗರು ಬ್ಲಾಕ್ ಮಾಡಿದರೆ, ಅಂದರೆ ಎದುರಾಳಿ ಹೊಡೆದ ಚೆಂಡನ್ನು ಗಾಳಿಯಲ್ಲೇ ತಡೆದರೆ, ಚೆಂಡು ಕಾಂಪೌಂಡ್ ಗೋಡೆಗೆ ಹೋಗಿ ಬೀಳಬೇಕು, ಸುತ್ತಲಿನವರು ಕೂಗಬೇಕು. ಹಾಗೆ ಮಾಡಿದರೆ ಏನಾಗುತ್ತದೆ? ಚೆಂಡು ಹೊರಗೆ, ಮತ್ತೆ ಅವರಿಗೇ ಥ್ರೋ ಇನ್. ರಸೆಲ್ ಚೆಂಡನ್ನು ಬಡಿಯುತ್ತಿರಲಿಲ್ಲ, ತಟ್ಟುತ್ತಿದ್ದರು. ಅಂಗಳದ ಒಳಗೇ, ಆದಷ್ಟೂ ತಮ್ಮ ತಂಡದವರ ಕೈಗೆ. ಕೆಲವು ಸಲ ಮೇಲಕ್ಕೆ ತಟ್ಟಿ ತಾವೇ ಹಿಡಿಯುತ್ತಿದ್ದರು. ಬ್ಲಾಕ್, ರಿಬೌಂಡ್, ಪಾಸ್ ಮೂರೂ ಒಂದೇ ಏಟಿಗೆ.

ಇನ್ನೊಂದು ಸೂಕ್ಷ್ಮ. ಅವರು ಎಡಗೈಯವರು. ಬಲಗೈಯಲ್ಲಿ ಹೊಡೆಯುವವನ ಎದುರು ನಿಂತು ನೋಡಿ, ಅವನ ಬಲಗೈಗೆ ನೇರ ಬರುವುದು ನಿಮ್ಮ ಎಡಗೈ. ಬಲಗೈ ಎತ್ತಿದರೆ ಮೈಗೆ ಅಡ್ಡ ಬಂದು ಫೌಲ್ ಆಗುವ ಸಂಭವ ಜಾಸ್ತಿ. ಎಡಗೈ ಸುಮ್ನೆ ನೇರ ಮೇಲೆ ಹೋದರೆ ಸಾಕು.

ಎಲ್ಲ ಹೊಡೆತವನ್ನೂ ತಡೆಯಲು ಹೋಗುತ್ತಿರಲಿಲ್ಲ ಕೂಡ. ಒಂದೆರಡು ತಡೆದರೆ ಸಾಕು, ಮೂರನೆಯದಕ್ಕೆ ಎದುರಾಳಿ ರಿಂಗ್ ನೋಡುವ ಬದಲು ರಸೆಲ್ ಎಲ್ಲಿದ್ದಾರೆ ಅಂತ ಹುಡುಕುತ್ತಾನೆ. ಕಬಡ್ಡಿಯಲ್ಲಿ ಗಟ್ಟಿ ಕ್ಯಾಚರ್ ಮೂಲೆಯಲ್ಲಿ ನಿಂತರೆ ರೈಡರ್ ಆ ಕಡೆ ಕಾಲೇ ಚಾಚುವುದಿಲ್ಲವಲ್ಲ, ಹಾಗೆ. ಆ ಹೆದರಿಕೆಯಿಂದ ತಪ್ಪಿದ ಹೊಡೆತಗಳು ಯಾವ ಲೆಕ್ಕದಲ್ಲೂ ಇಲ್ಲ.

ಒಟ್ಟು ಎಷ್ಟು ಬ್ಲಾಕ್ ಮಾಡಿದಾರ? ಎಲ್ಲಿ ಹುಡುಕಿದ್ರೂ ಸಿಗವಲ್ದು.

ಸಿಗುವುದಿಲ್ಲ. ಎನ್‌ಬಿಎ ಬ್ಲಾಕ್‌ಗಳನ್ನು ಅಧಿಕೃತವಾಗಿ ಬರೆದಿಡಲು ಶುರು ಮಾಡಿದ್ದು 1973-74ರಲ್ಲಿ. ರಸೆಲ್ ನಿವೃತ್ತರಾದದ್ದು 1969ರಲ್ಲಿ. ಎಲ್ಲಾದರೂ ಖಚಿತ ಒಟ್ಟು ಸಂಖ್ಯೆ ಕಂಡರೆ ನಂಬಬೇಡಿ.

11 ಟ್ರೋಫಿ ಯಾವ ಯಾವ ವರ್ಷ? ಉಳಿದ ಎರಡು ಸಲ ಯಾಕ್ ಸೋತ್ರು?

ಗೆದ್ದದ್ದು 1957, ಆಮೇಲೆ 1959ರಿಂದ 1966ರವರೆಗೆ ಸತತ ಎಂಟು, ಮತ್ತೆ 1968 ಮತ್ತು 1969. ಸೋತ ಎರಡರಲ್ಲಿ ಒಂದು 1958. ಸೇಂಟ್ ಲೂಯಿಸ್ ವಿರುದ್ಧದ ಫೈನಲ್‌ನ ಮೂರನೇ ಪಂದ್ಯದಲ್ಲಿ ರಸೆಲ್ ಪಾದದ ಗೆಣ್ಣಿಗೆ ಪೆಟ್ಟಾಯಿತು. ಆರನೇ ಪಂದ್ಯದಲ್ಲಿ ಬಾಬ್ ಪೆಟಿಟ್ 50 ಪಾಯಿಂಟ್ ಹೊಡೆದು ಒಂದೇ ಪಾಯಿಂಟಿನಿಂದ, 110-109ಕ್ಕೆ, ಸರಣಿ ಮುಗಿಸಿದರು. ಇನ್ನೊಂದು 1967. ಚೇಂಬರ್ಲಿನ್ ಇದ್ದ ಫಿಲಡೆಲ್ಫಿಯಾ ತಂಡ ಆ ವರ್ಷ ನಿಜಕ್ಕೂ ಚೆನ್ನಾಗಿ ಆಡಿತು, 4-1ರಿಂದ ಗೆದ್ದಿತು. ನೆಪ ಹೇಳುವಂಥದ್ದೇನೂ ಇರಲಿಲ್ಲ.

ಒಂದು ವಿಷಯ ಇಲ್ಲಿ ಸೇರಿಸಬೇಕು. ಸರಣಿ 3-3 ಸಮ ಆಗಿ ಕೊನೆಯ, ಏಳನೇ ಪಂದ್ಯಕ್ಕೆ ಹೋದದ್ದು ರಸೆಲ್ ಕಾಲದಲ್ಲಿ 10 ಸಲ. ಹತ್ತರಲ್ಲಿ ಹತ್ತೂ ಸೆಲ್ಟಿಕ್ಸ್ ಗೆದ್ದಿತು.

ಒಂದೇ ಫೈನಲ್ ನೋಡ್ಬೇಕಂದ್ರ ಯಾವುದು ಹೇಳ್ತೀರಿ?

ಆಟಕ್ಕಾಗಿ ಆದರೆ 1962ರ ಏಳನೇ ಪಂದ್ಯ, ಲಾಸ್ ಏಂಜಲೀಸ್ ಲೇಕರ್ಸ್ ವಿರುದ್ಧ. ಕೊನೆ ಗಳಿಗೆಯಲ್ಲಿ ಸಮ ಇದ್ದಾಗ ಲೇಕರ್ಸ್‌ನ ಫ್ರಾಂಕ್ ಸೆಲ್ವಿ ಹೊಡೆದ ಚೆಂಡು ರಿಂಗಿಗೆ ತಾಗಿ ಹೊರಬಿತ್ತು. ಓವರ್‌ಟೈಮ್‌ನಲ್ಲಿ ಬಾಸ್ಟನ್ 110-107. ರಸೆಲ್ 30 ಪಾಯಿಂಟ್, 40 ರಿಬೌಂಡ್.

ಮನಸ್ಸಿಗಾಗಿ ಆದರೆ 1969. ಸೆಲ್ಟಿಕ್ಸ್‌ಗೆ ವಯಸ್ಸಾಗಿತ್ತು, ತಮ್ಮ ವಿಭಾಗದಲ್ಲಿ ನಾಲ್ಕನೇ ಸ್ಥಾನ. ಲೇಕರ್ಸ್‌ನಲ್ಲಿ ಚೇಂಬರ್ಲಿನ್, ಜೆರ್ರಿ ವೆಸ್ಟ್, ಎಲ್ಜಿನ್ ಬೇಲರ್ ಮೂವರೂ ಇದ್ದರು. ಏಳನೇ ಪಂದ್ಯ ಲಾಸ್ ಏಂಜಲೀಸ್‌ನಲ್ಲಿ. ಗೆಲ್ಲುವುದು ತಾವೇ ಅಂತ ಲೇಕರ್ಸ್ ಮಾಲೀಕರು ಚಾವಣಿಗೆ ಬಲೆ ಕಟ್ಟಿ ಸಾವಿರಾರು ಬಲೂನ್ ತುಂಬಿಸಿದ್ದರು. ಗೆದ್ದ ಮೇಲೆ ಸಂಭ್ರಮ ಹೇಗೆ ನಡೆಯಬೇಕು ಅಂತ ಹಾಳೆ ಅಚ್ಚು ಹಾಕಿಸಿ ಹಂಚಿದ್ದರು. ಆ ಹಾಳೆ ರಸೆಲ್ ಕೈಗೂ ಬಂತು. ಸೆಲ್ಟಿಕ್ಸ್ 108, ಲೇಕರ್ಸ್ 106. ಬಲೂನ್ ಅಲ್ಲೇ ಉಳಿದವು. ಅದೇ ರಸೆಲ್ ಆಡಿದ ಕೊನೆಯ ಪಂದ್ಯ.

ದೊಡ್ಡ ಮ್ಯಾಚಿಗೆ ಅವರಿಗೂ ಹೆದರಿಕಿ ಆಗ್ತಿತ್ತೇನು?

ಆಗುತ್ತಿತ್ತು, ಅದೂ ಜೋರಾಗಿ. ಪಂದ್ಯಕ್ಕೆ ಮುಂಚೆ ವಾಂತಿ ಮಾಡಿಕೊಳ್ಳುತ್ತಿದ್ದರು. ಡ್ರೆಸ್ಸಿಂಗ್ ರೂಮಿನಲ್ಲಿ ಆ ಸದ್ದು ಕೇಳಿದರೆ ಉಳಿದವರಿಗೆ ಸಮಾಧಾನ: ರಸೆಲ್ ತಯಾರಾಗಿದ್ದಾರೆ. ಇಂಟರ್ ಸ್ಕೂಲ್ ಮ್ಯಾಚಿನ ಬೆಳಿಗ್ಗೆ ತಿಂಡಿ ಇಳಿಯದ ಮಕ್ಕಳ ತಾಯಂದಿರಿಗೆ ಇದನ್ನು ನಾನು ತಪ್ಪದೆ ಹೇಳುತ್ತೇನೆ.

ಚೇಂಬರ್ಲಿನ್ 100 ಪಾಯಿಂಟ್ ಹೊಡದವರು. ಅವರೇ ದೊಡ್ಡವರಲ್ಲೇನು?

ಅಂಕಿ ನೋಡಿದರೆ ಚೇಂಬರ್ಲಿನ್ ಎದುರು ಯಾರೂ ಇಲ್ಲ. 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಪಾಯಿಂಟ್. ಆ ಸೀಸನ್ ಪೂರ್ತಿ ಸರಾಸರಿ 50.4. ಒಂದೇ ಪಂದ್ಯದ ಅತಿ ಹೆಚ್ಚು ರಿಬೌಂಡ್ ದಾಖಲೆ, 55, ಕೂಡ ಅವರದೇ. ಅದೂ ರಸೆಲ್ ಎದುರು ಆಡಿದಾಗ!

ಈಗ ಇನ್ನೊಂದು ಕಡೆ. ಆ 1962ರಲ್ಲಿ ಎಂವಿಪಿ ಯಾರಿಗೆ ಹೋಯಿತು? ರಸೆಲ್‌ಗೆ. ಆಗ ಎಂವಿಪಿಗೆ ಮತ ಹಾಕುತ್ತಿದ್ದವರು ಆಟಗಾರರೇ. ಇಬ್ಬರ ಎದುರೂ ಆಡಿ, ಇಬ್ಬರ ಮೊಣಕೈ ತಿಂದವರು ರಸೆಲ್ ಹೆಸರು ಬರೆದರು. ಪ್ಲೇಆಫ್‌ನಲ್ಲಿ, ಅಂದರೆ ಸೀಸನ್ ಕೊನೆಯ ನಾಕೌಟ್ ಸುತ್ತುಗಳಲ್ಲಿ, ಇಬ್ಬರ ತಂಡಗಳು ಎಂಟು ಸಲ ಎದುರಾದವು, ಏಳು ಸಲ ರಸೆಲ್ ತಂಡ ಗೆದ್ದಿತು. ಜೊತೆ ಆಟಗಾರರು ರಸೆಲ್‌ಗೆ ಚೆನ್ನಾಗಿ ಸಿಕ್ಕಿದ್ದರು ಎನ್ನುವುದೂ ನಿಜ, ಅದನ್ನು ಮರೆತು ಚೇಂಬರ್ಲಿನ್‌ರನ್ನು ಕೀಳು ಮಾಡಬಾರದು.

ಅಂಗಳದ ಹೊರಗೆ ಇಬ್ಬರೂ ಗೆಳೆಯರು. ಫಿಲಡೆಲ್ಫಿಯಾಕ್ಕೆ ಹೋದಾಗ ಚೇಂಬರ್ಲಿನ್ ಮನೆಯಲ್ಲಿ ರಸೆಲ್ ಊಟ ಮಾಡುತ್ತಿದ್ದರು. 1965ರಲ್ಲಿ ಚೇಂಬರ್ಲಿನ್‌ಗೆ 1 ಲಕ್ಷ ಡಾಲರ್ ಸಂಬಳ ಅಂತ ಗೊತ್ತಾದಾಗ ರಸೆಲ್ ಕೇಳಿ ಪಡೆದದ್ದು 1 ಲಕ್ಷದ 1 ಡಾಲರ್. 1969ರ ಫೈನಲ್ ಬಗ್ಗೆ ರಸೆಲ್ ಆಡಿದ ಒಂದು ಕಟು ಮಾತಿನಿಂದ ಇಬ್ಬರೂ ಎಷ್ಟೋ ವರ್ಷ ಮಾತು ಬಿಟ್ಟರು. ಆಮೇಲೆ ರಸೆಲ್ ಕ್ಷಮೆ ಕೇಳಿದರು, ಸ್ನೇಹ ಮತ್ತೆ ಕೂಡಿತು. 1999ರಲ್ಲಿ ಚೇಂಬರ್ಲಿನ್ ತೀರಿಕೊಂಡಾಗ ಶ್ರದ್ಧಾಂಜಲಿ ಸಭೆಯಲ್ಲಿ ರಸೆಲ್ ಮಾತಾಡಿದರು.

ಆಗ ಎಂಟೇ ತಂಡ ಇದ್ವಂತ. ಅಂಥಾದ್ರಾಗ ಗೆಲ್ಲೋದು ಸುಲಭ ಅಲ್ವಾ?

ಈ ಪ್ರಶ್ನೆ ಹುಬ್ಬಳ್ಳಿಯ ಕಾಲೇಜು ಹುಡುಗರದು, ನ್ಯಾಯವಾದದ್ದೇ. ರಸೆಲ್ ಬಂದಾಗ ಲೀಗ್‌ನಲ್ಲಿ 8 ತಂಡ, ಬಿಡುವಾಗ 14. ಈಗ 30. ಟ್ರೋಫಿಗೆ ಆಗ ದಾಟಬೇಕಾದ ಸುತ್ತು ಕಡಿಮೆ, ಅದನ್ನು ಒಪ್ಪಬೇಕು. ಆದರೆ 8 ತಂಡ ಅಂದರೆ ಇಡೀ ದೇಶದ ಸುಮಾರು ನೂರು ಆಟಗಾರರಿಗೆ ಮಾತ್ರ ಜಾಗ. ದುರ್ಬಲ ತಂಡ ಅಂತ ಉಸಿರು ಬಿಡಲು ಆಗುತ್ತಿರಲಿಲ್ಲ. ಚೇಂಬರ್ಲಿನ್ ಎದುರೇ 10 ವರ್ಷದಲ್ಲಿ 140ಕ್ಕೂ ಹೆಚ್ಚು ಪಂದ್ಯ ಆಡಬೇಕಾಯಿತು. ಅದೇ ಎಂಟು ಒಂಬತ್ತು ತಂಡಗಳಲ್ಲಿ ಬೇರೆ ಯಾರಿಗೂ ಸತತ ಮೂರು ಗೆಲ್ಲಲು ಆ ಕಾಲದಲ್ಲಿ ಆಗಲಿಲ್ಲ. ಸುಲಭ ಇದ್ದಿದ್ದರೆ ಎಲ್ಲರಿಗೂ ಸುಲಭ ಇರಬೇಕಿತ್ತು.

ಹಂಗಾರ ಜೋರ್ಡನ್‌ಗಿಂತ ದೊಡ್ಡವರೇನ್ರಿ?

ಬಾಸ್ಕೆಟ್ ಹಾಕುವ ಕಲೆಯಲ್ಲಿ ಜೋರ್ಡನ್ ಬೇರೆಯೇ ಎತ್ತರ. ಉಳಿದ ನಾಲ್ಕು ಜನರನ್ನು ಉತ್ತಮ ಆಟಗಾರರನ್ನಾಗಿ ಮಾಡುವ ಕಲೆಯಲ್ಲಿ ನಾನು ರಸೆಲ್ ಹೆಸರು ಹೇಳುತ್ತೇನೆ. ಒಂದು ತಂಡ ಕಟ್ಟಲು ಒಬ್ಬರನ್ನೇ ಆರಿಸು ಅಂದರೆ ರಸೆಲ್. ಧಾರವಾಡದಲ್ಲಿ ಈ ವಾದ ಮಾಡಿ ನಾನು ಗೆದ್ದದ್ದು ಕಡಿಮೆ, ಆದರೂ ಅಭಿಪ್ರಾಯ ಬದಲಾಗಿಲ್ಲ.

ಅಂಗಳದ ಆಚೆ

ಆಡೋರೇ ಕೋಚ್ ಹೆಂಗ ಆದ್ರು?

1966ರಲ್ಲಿ ಆವರ್‌ಬ್ಯಾಕ್ ಕೋಚ್ ಹುದ್ದೆ ಬಿಡುವಾಗ ರಸೆಲ್‌ರನ್ನು ಆ ಜಾಗಕ್ಕೆ ತಂದರು. ಎನ್‌ಬಿಎಯಲ್ಲಿ ಹೆಡ್ ಕೋಚ್ ಆದ ಮೊದಲ ಕಪ್ಪು ಮನುಷ್ಯ ಅವರು. ಆಡುತ್ತಲೇ ಮೂರು ಸೀಸನ್ ನಡೆಸಿ ಎರಡು ಟ್ರೋಫಿ ತಂದರು. ರಸೆಲ್‌ಗೆ ಹೇಳಿಕೊಡಲು ರಸೆಲ್‌ಗಿಂತ ಒಳ್ಳೆಯ ಕೋಚ್ ಸಿಗುತ್ತಿರಲಿಲ್ಲ. ಆಟ ಬಿಟ್ಟ ಮೇಲೆ 1973ರಿಂದ 1977ರವರೆಗೆ ಸಿಯಾಟಲ್ ತಂಡಕ್ಕೆ ಕೋಚ್ ಆದರು, ಆ ತಂಡವನ್ನು ಮೊದಲ ಬಾರಿ ಪ್ಲೇಆಫ್‌ಗೆ ಒಯ್ದರು. 1987-88ರಲ್ಲಿ ಸ್ಯಾಕ್ರಮೆಂಟೊದಲ್ಲಿ ಮಾತ್ರ ಕೈಗೂಡಲಿಲ್ಲ, ಸೀಸನ್ ನಡುವೆಯೇ ಬಿಡಬೇಕಾಯಿತು. 2019ರಲ್ಲಿ ಮುಂಬೈಗೆ ಬಂದು ಆಡಿದ ಎರಡು ಎನ್‌ಬಿಎ ತಂಡಗಳಲ್ಲಿ ಒಂದು ಇದೇ ಸ್ಯಾಕ್ರಮೆಂಟೊ ಕಿಂಗ್ಸ್.

ಅಷ್ಟು ಗೆದ್ದವರಿಗೂ ಬಣ್ಣದ ಭೇದ ತಪ್ಪಲಿಲ್ಲೇನು?

ತಪ್ಪಲಿಲ್ಲ. 1961ರ ಅಕ್ಟೋಬರ್‌ನಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ಗೆ ಪ್ರದರ್ಶನ ಪಂದ್ಯಕ್ಕೆ ಹೋಗಿದ್ದಾಗ ಹೋಟೆಲಿನ ಕಾಫಿ ಅಂಗಡಿಯಲ್ಲಿ ಅವರ ತಂಡದ ಕಪ್ಪು ಆಟಗಾರರಿಗೆ ತಿನ್ನಲು ಕೊಡಲಿಲ್ಲ. ರಸೆಲ್ ಮತ್ತು ಗೆಳೆಯರು ಜಗಳ ಮಾಡಲಿಲ್ಲ, ಬ್ಯಾಗ್ ಹೆಗಲಿಗೆ ಹಾಕಿ ಪಂದ್ಯ ಆಡದೆ ಊರಿಗೆ ಹೊರಟರು. ಬಾಸ್ಟನ್ ಹತ್ತಿರದ ರೆಡಿಂಗ್‌ನಲ್ಲಿ ಅವರ ಮನೆಗೇ ಕಳ್ಳರು ನುಗ್ಗಿ, ಗೋಡೆಯ ಮೇಲೆ ಹೊಲಸು ಬರೆದು, ಟ್ರೋಫಿ ಒಡೆದು, ಹಾಸಿಗೆಯನ್ನು ಗಲೀಜು ಮಾಡಿ ಹೋದರು. ಬಾಸ್ಟನ್‌ಗೆ ವರ್ಷ ವರ್ಷ ಟ್ರೋಫಿ ತಂದುಕೊಟ್ಟ ಮನುಷ್ಯನ ಮನೆ ಅದು.

ಅವರು ಸುಮ್ಮನೆ ಕೂರಲಿಲ್ಲ. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾತಾಡಿದ ವಾಷಿಂಗ್ಟನ್ ಮೆರವಣಿಗೆಯಲ್ಲಿ ಇದ್ದರು. ಮಿಸಿಸಿಪ್ಪಿಯಲ್ಲಿ ಹೋರಾಟಗಾರ ಮೆಡ್ಗರ್ ಎವರ್ಸ್ ಕೊಲೆಯಾದ ಮೇಲೆ ಅಲ್ಲಿಗೇ ಹೋಗಿ, ಕಪ್ಪು ಮತ್ತು ಬಿಳಿ ಮಕ್ಕಳನ್ನು ಒಂದೇ ಅಂಗಳದಲ್ಲಿ ಕೂಡಿಸಿ ಬಾಸ್ಕೆಟ್‌ಬಾಲ್ ಶಿಬಿರ ನಡೆಸಿದರು. ಜೀವಕ್ಕೆ ಅಪಾಯ ಇದ್ದ ಕೆಲಸ. 1967ರಲ್ಲಿ ಬಾಕ್ಸರ್ ಮೊಹಮ್ಮದ್ ಅಲಿ ವಿಯೆಟ್ನಾಂ ಯುದ್ಧಕ್ಕೆ ಹೋಗುವುದಿಲ್ಲ ಎಂದಾಗ ಕ್ಲೀವ್‌ಲ್ಯಾಂಡ್‌ನಲ್ಲಿ ಅವರ ಪಕ್ಕ ಕೂತು ಬೆಂಬಲ ಕೊಟ್ಟರು. 2011ರಲ್ಲಿ ಒಬಾಮ ಅವರಿಂದ ಅಮೆರಿಕದ ಅತ್ಯುನ್ನತ ನಾಗರಿಕ ಗೌರವ, ಪ್ರೆಸಿಡೆನ್ಶಿಯಲ್ ಮೆಡಲ್ ಆಫ್ ಫ್ರೀಡಂ ಬಂತು.

ಆಟೋಗ್ರಾಫ್ ಕೊಡ್ತಿರಲಿಲ್ಲಂತ. ಸೊಕ್ಕಿನವರಿದ್ರೇನು?

ಆಟೋಗ್ರಾಫ್ ಕೊಡುತ್ತಿರಲಿಲ್ಲ, ಹೌದು. ಕಾಗದ ಬೇಡ, ಬನ್ನಿ ಎರಡು ಮಾತಾಡೋಣ ಅನ್ನುವಂಥವರು. 1972ರಲ್ಲಿ ಸೆಲ್ಟಿಕ್ಸ್ ಅವರು ತೊಡುತ್ತಿದ್ದ 6ನೇ ನಂಬರಿಗೆ ಗೌರವ ಕೊಟ್ಟು, ಇನ್ಯಾರೂ ತೊಡದ ಹಾಗೆ ಮೇಲೇರಿಸಿದಾಗ, ಜನ ಒಳಗೆ ಬರುವ ಮೊದಲೇ ಖಾಲಿ ಸ್ಟೇಡಿಯಂನಲ್ಲಿ ಜೊತೆಗಾರರ ಎದುರು ಮಾತ್ರ ಅದು ನಡೆಯಬೇಕು ಎಂದರು. 1975ರಲ್ಲಿ ಬಾಸ್ಕೆಟ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದಾಗ ಸಮಾರಂಭಕ್ಕೆ ಹೋಗಲೇ ಇಲ್ಲ. ತಮಗಿಂತ ಮೊದಲಿನ ಕಪ್ಪು ಆಟಗಾರರಿಗೆ ಆ ಗೌರವ ಸಿಗಬೇಕಿತ್ತು ಎಂಬುದು ಅವರ ನಿಲುವು. 1950ರಲ್ಲಿ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಕಪ್ಪು ಆಟಗಾರ ಚಕ್ ಕೂಪರ್ ಹಾಲ್ ಆಫ್ ಫೇಮ್ ಸೇರಿದ್ದು 2019ರಲ್ಲಿ. ಆ ವರ್ಷ ರಸೆಲ್ ಹಾಲ್ ಆಫ್ ಫೇಮ್‌ನವರು ಕೊಡುವ ತಮ್ಮ ಉಂಗುರವನ್ನು ಸದ್ದಿಲ್ಲದೆ ಸ್ವೀಕರಿಸಿದರು. 44 ವರ್ಷ ಕಾದರು. ಇದಕ್ಕೆ ಸೊಕ್ಕು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಈಗ 6ನೇ ನಂಬರ್ ಜರ್ಸಿ ಯಾರೂ ಹಾಕಂಗಿಲ್ಲಂತ, ಖರೇ?

ಖರೇ. 2022ರ ಆಗಸ್ಟ್‌ನಲ್ಲಿ ಎನ್‌ಬಿಎ ಎಲ್ಲ ತಂಡಗಳಲ್ಲೂ 6ನೇ ನಂಬರನ್ನು ನಿಲ್ಲಿಸಿತು. ಇಡೀ ಲೀಗ್‌ನಲ್ಲಿ ಹೀಗೆ ನಂಬರ್ ನಿಲ್ಲಿಸಿದ್ದು ಅದೇ ಮೊದಲು. ಆಗಲೇ ಹಾಕುತ್ತಿದ್ದವರಿಗೆ ಮುಂದುವರಿಸಲು ಬಿಟ್ಟರು. ನಮ್ಮ ಶಾಲೆ ತಂಡಗಳಿಗೆ ಈ ನಿಯಮ ಇಲ್ಲ, ಧಾರಾಳವಾಗಿ ಹಾಕಿಕೊಳ್ಳಿ.

ಫೈನಲ್ಸ್ ಎಂವಿಪಿ ಇವರ ಹೆಸರಿನ್ಯಾಗ ಐತಿ. ಇವರಿಗೆ ಅದು ಎಷ್ಟು ಸಲ ಬಂದಿತ್ತು?

ಒಮ್ಮೆಯೂ ಇಲ್ಲ. ಫೈನಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಆ ಪ್ರಶಸ್ತಿ ಶುರುವಾದದ್ದೇ 1969ರಲ್ಲಿ, ರಸೆಲ್ ಅವರ ಕೊನೆಯ ಫೈನಲ್‌ಗೆ. ಅದು ಹೋದದ್ದು ಸೋತ ತಂಡದ ಜೆರ್ರಿ ವೆಸ್ಟ್‌ಗೆ. ಏಳನೇ ಪಂದ್ಯದಲ್ಲಿ 42 ಪಾಯಿಂಟ್, 13 ರಿಬೌಂಡ್, 12 ಅಸಿಸ್ಟ್ (ಬಾಸ್ಕೆಟ್ ಬೀಳಿಸಿದ ಪಾಸ್) ಮಾಡಿದ್ದರು, ಅರ್ಹರೇ. 2009ರಲ್ಲಿ ಆ ಪ್ರಶಸ್ತಿಗೆ ಬಿಲ್ ರಸೆಲ್ ಹೆಸರು ಇಟ್ಟರು.

ನಮ್ಮ ಮಗಳು ಎತ್ತರ ಇಲ್ಲ ಸರ. ರಸೆಲ್ ಆಟ ಆಕಿಗೆ ಹೆಂಗ ಬರ್ತದ?

ಬರುತ್ತದೆ, ಯಾಕೆಂದರೆ ಅದರಲ್ಲಿ ಮುಕ್ಕಾಲು ಪಾಲು ಜಾಗದ ಆಟ. ಮಕ್ಕಳ ಪಂದ್ಯದಲ್ಲಿ ಹೆಚ್ಚಿನ ರಿಬೌಂಡ್ ಸಿಗುವುದು ರಿಂಗಿನ ಮೇಲೆ ಅಲ್ಲ, ಭುಜದಿಂದ ತಲೆಯ ಮಟ್ಟದಲ್ಲಿ.

ನಾನು ಕಲಿಸುವುದು ಹೀಗೆ. ಎದುರಾಳಿ ಹೊಡೆಯಲು ಚೆಂಡು ಎತ್ತಿದ ಕೂಡಲೇ ಚೆಂಡಿನ ಹಿಂದೆ ಓಡಬೇಡ. ಮೊದಲು ನಿನ್ನ ಹತ್ತಿರ ಇರುವ ಹುಡುಗಿಯನ್ನು ಹುಡುಕು. ಅವಳಿಗೆ ಬೆನ್ನು ಮಾಡು. ಮೊಣಕಾಲು ಬಗ್ಗಿಸು, ಕಾಲು ಭುಜಕ್ಕಿಂತ ಅಗಲ ಇಡು, ಸೊಂಟ ಅವಳ ತೊಡೆಗೆ ತಾಗಲಿ. ನೋಡದೆಯೂ ಅವಳು ಎಲ್ಲಿದ್ದಾಳೆ ಗೊತ್ತಾಗಬೇಕು. ಮೊಣಕೈ ಹೊರಗೆ, ಅಂಗೈ ಮೇಲಕ್ಕೆ, ತಳ್ಳಬೇಡ. ಇಷ್ಟಾದ ಮೇಲೆ ಚೆಂಡು ನೋಡು. ಪಕ್ಕದ ಮೂಲೆಯಿಂದ ಹೊಡೆದದ್ದು ತಪ್ಪಿದರೆ ಬಹಳ ಸಲ ಎದುರು ಮೂಲೆಗೆ ಹೋಗಿ ಬೀಳುತ್ತದೆ, ಅದು ನಿನಗೆ ಮೊದಲೇ ಗೊತ್ತಿರಲಿ. ಚೆಂಡು ಸಿಕ್ಕ ಕೂಡಲೇ ಗದ್ದದ ಕೆಳಗೆ ಎರಡೂ ಕೈಯಲ್ಲಿ ಬಿಗಿ ಹಿಡಿ, ಪಕ್ಕದ ಗೆರೆಯ ಕಡೆ ತಿರುಗು, ಪಾಸ್ ಕೊಡು.

ಮಳೆಗಾಲದಲ್ಲಿ ನಮ್ಮ ಕಡೆ ಸಿಮೆಂಟ್ ಕೋರ್ಟ್ ಒದ್ದೆಯಾದಾಗ ಓಟ ನಿಲ್ಲಿಸುತ್ತೇವೆ, ಇದನ್ನು ನಿಲ್ಲಿಸುವುದಿಲ್ಲ. ಒಣಗಿದ ಒಂದು ಮೂಲೆ ಸಿಕ್ಕರೆ ಸಾಕು, ಇಬ್ಬಿಬ್ಬರಂತೆ ಬೆನ್ನಿಗೆ ಬೆನ್ನು ಕೊಟ್ಟು ಜಾಗ ಹಿಡಿಯುವುದನ್ನು ಕಲಿಯಬಹುದು. ಬೆಂಚಿನ ಮೇಲೆ ಕೂತ ಮಗುವಿಗೆ ಒಂದು ನೋಟ್‌ಬುಕ್ ಕೊಡುತ್ತೇನೆ. ಯಾರು ಎಷ್ಟು ರಿಬೌಂಡ್ ಹಿಡಿದರು, ಯಾರ ಬ್ಲಾಕ್ ಅಂಗಳದೊಳಗೇ ಉಳಿಯಿತು ಅಂತ ಬರೆಯುವುದು ಅದರ ಕೆಲಸ. ಮಗಳನ್ನು ಕರೆದೊಯ್ಯಲು ಬಂದಾಗ ಆ ನೋಟ್‌ಬುಕ್ ಕೇಳಿ ನೋಡಿ. ಆಕೆಯ ಹೆಸರಿನ ಮುಂದಿನ ಗೆರೆಗಳನ್ನು ಆಕೆಯೇ ಎಣಿಸಿ ತೋರಿಸುತ್ತಾಳೆ.